ಕೆರೆ ಒತ್ತುವರಿ ತೋರಿಸೋಕೆ ಉಪಗ್ರಹ ಚಿತ್ರ ಸಾಕಾ?

ಗದಗ ಜಿಲ್ಲೆಯ ನಿಮ್ಮೂರ ಕೆರೆ ಒತ್ತುವರಿಯಾಗಿದೆ, ಕಂಪ್ಯೂಟರಿನಲ್ಲಿ ಭೂಪಟ ಬಿಡಿಸುವ ಜಿಐಎಸ್‌ನಲ್ಲಿ ನಕ್ಷೆ ಮಾಡಿ ಗ್ರಾಮಸಭೆ ಮುಂದಿಡಬಹುದಾ, ಲ್ಯಾಪ್‌ಟಾಪ್ ಐತಿ ರೊಕ್ಕ ಇಲ್ಲ ಅಂತ ಕೇಳಿದ್ದೀರಿ. ರೊಕ್ಕದ ಚಿಂತೆ ಬಿಡ್ರಿ. ಈ ಕೆಲಸದ ಕ್ಯೂಜಿಐಎಸ್ ತಂತ್ರಾಂಶ ಪುಕ್ಕಟೆ, ಸೆಂಟಿನೆಲ್-2 ಉಪಗ್ರಹದ ಚಿತ್ರಗಳೂ ಪುಕ್ಕಟೆ. ನಾನು ಹುಬ್ಬಳ್ಳಿಯಲ್ಲಿ ಕೂತು ಇದೇ ಕೆಲಸ ಮಾಡುವವನು.

ಸೆಂಟಿನೆಲ್‌ನ ಒಂದು ಪಿಕ್ಸೆಲ್, ಅಂದರೆ ಚಿತ್ರದ ಒಂದು ಚುಕ್ಕಿ, ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಒಂದು ಗುಂಟೆ. ಯಾರೋ ಕೆರೆಯಂಚಿನಲ್ಲಿ ಎರಡು ಸಾಲು ಒಳಗೆ ಉತ್ತಿದ್ದರೆ ಗೊತ್ತೇ ಆಗುವುದಿಲ್ಲ. ಎಕರೆಗಟ್ಟಲೆ ನುಂಗಿದ್ದರೆ ಕಾಣುತ್ತದೆ. ಇನ್ನೂ ಹಳೆಯ ಉಪಗ್ರಹ ಸರಣಿ ಲ್ಯಾಂಡ್‌ಸ್ಯಾಟ್ ಹಿಡಿದರೆ 1980ರ ದಶಕದವರೆಗೆ ಹಿಂದೆ ಹೋಗಬಹುದು, ಆದರೆ ಅಲ್ಲಿ ಪಿಕ್ಸೆಲ್ಲಿಗೆ ಒಂಬತ್ತು ಗುಂಟೆ.

ನಾನೊಮ್ಮೆ ಸರಿಯಾಗಿ ಎಡವಿದ್ದು ಬೇರೆ ಕಡೆ. ನೀರು ಕಣ್ಣಿಗೆ ಕಾಣದ ಅವಕೆಂಪು (ಇನ್ಫ್ರಾರೆಡ್) ಬೆಳಕನ್ನು ಹೀರಿಕೊಳ್ಳುತ್ತದೆ, ಹಸಿರೆಲೆ ಹಿಂದಕ್ಕೆ ಎಸೆಯುತ್ತದೆ. ಅದೇ ಲೆಕ್ಕದಲ್ಲಿ ಒಂದು ಕೆರೆ ಗುರುತಿಸಿದೆ, ಅರ್ಧಕ್ಕರ್ಧ ಮಾಯ. 'ಹೊಲ ಆಗಿಬಿಟ್ಟಿದೆ' ಅಂತ ಆ ಭಾಗಕ್ಕೆ ಕೆಂಪು ಬಣ್ಣ ತುಂಬಿದೆ. ಆಮೇಲೆ ಒಡ್ಡಿನ ಮೇಲೆ ಹೋಗಿ ನಿಂತರೆ, ಅಂತರಗಂಗೆ! ನೇರಳೆ ಹೂ ಬಿಟ್ಟುಕೊಂಡು ದಟ್ಟವಾಗಿ ಹಬ್ಬಿತ್ತು. ಕಲ್ಲೆಸೆದೆ, ಬುಳಕ್ಕೆಂದಿತು. ಉಪಗ್ರಹಕ್ಕೆ ಅದೂ ಒಂದೇ, ಜೋಳದ ಹೊಲವೂ ಒಂದೇ. ಅಲ್ಲಿ ತೆರವು ಮಾಡಿಸಬೇಕಾದದ್ದು ರೈತರನ್ನಲ್ಲ, ನಿಲ್ಲಿಸಬೇಕಾದದ್ದು ಈ ಕಳೆಯನ್ನು ಕೊಬ್ಬಿಸುವ, ಕೆರೆಗೆ ಬೀಳುವ ಚರಂಡಿ ನೀರನ್ನು. ಆ ನಕ್ಷೆ ಹಾಗೇ ಸಭೆಗೆ ಹೋಗಿದ್ದರೆ ಯಾವ ಜಗಳ ಏಳುತ್ತಿತ್ತೋ!

ನಿಮ್ಮ ಭಾಗದಲ್ಲಿ ಮಳೆಯ ಭರವಸೆಯೂ ಕಡಿಮೆ. ಮೇ ತಿಂಗಳ ಚಿತ್ರ ತೆಗೆದು 'ಕೆರೆ ಕುಗ್ಗಿದೆ' ಅನ್ನಬೇಡಿ. ನವೆಂಬರಿನದು ತಗೊಳ್ಳಿ, ಅದೂ ಕೋಡಿ ಬಿದ್ದ ವರ್ಷಗಳದ್ದು. ಅದರ ಮೇಲೆ ಹಳೆಯ ಗ್ರಾಮ ನಕ್ಷೆ ಕೂರಿಸಿ. ನಾಲ್ಕಾರು ಬಾಂದು ಕಲ್ಲು ಹುಡುಕಿ, ಮೊಬೈಲಿನಲ್ಲಿ ಅವುಗಳ ಜಿಪಿಎಸ್ ಗುರುತು ತಗೊಂಡರೆ ನಕ್ಷೆ ತಕ್ಕಮಟ್ಟಿಗೆ ಸರಿಯಾಗಿ ಕೂರುತ್ತದೆ. ಸರ್ವೆ ನಂಬರಿಗೆ ಸರ್ಕಾರದ ದಿಶಾಂಕ್ ಆ್ಯಪ್ ಇದೆ, ಆದರೆ ಗೆರೆ ಕೆಲವೊಮ್ಮೆ ಅತ್ತಿತ್ತ ಸರಿದಿರುತ್ತದೆ, ಅದನ್ನೇ ಹಿಡಿದು ವಾದಕ್ಕೆ ಇಳಿಯಬೇಡಿ. ಉಪಗ್ರಹ ಚಿತ್ರದ ನೀರಿನಂಚೂ ಗ್ರಾಮ ನಕ್ಷೆಯ ಕೆರೆ ಗೆರೆಯೂ ಹೊಂದದ ಸರ್ವೆ ನಂಬರುಗಳನ್ನು ಬರೆದು, ಅಷ್ಟನ್ನೇ ಅಳೆದುಕೊಡಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಿ. ಒತ್ತುವರಿ ಹೌದೋ ಅಲ್ಲವೋ ಅನ್ನುವುದು ಭೂಮಾಪಕರ ಅಳತೆಯಿಂದಲೇ ತೀರ್ಮಾನ ಆಗಬೇಕು.

ಸಭೆಗೆ ಒಯ್ಯುವ ಹಾಳೆ ದೊಡ್ಡದಿರಲಿ. ಗುಡಿ, ಶಾಲೆ, ಹಳೇ ಬಾವಿ ಗುರುತು ಹಾಕಿರಿ. ಜನ ಕೆರೆ ಆಮೇಲೆ ನೋಡ್ತಾರೆ, ಮೊದಲು ಹುಡುಕೋದು ತಮ್ಮ ಹೊಲಾನ.