ಮಕ್ಕಳ ಕೈಲಿ ಕಲಿಕೆಯ ದಿನಚರಿ ಬರೆಸಿದರೆ ನಿಜವಾಗಿ ಉಪಯೋಗ ಇದೆಯಾ?

ನೀವು ಕೇಳಿದ್ದು ಇಷ್ಟು: ಶಿರಸಿ ಹತ್ತಿರದ ಹೈಸ್ಕೂಲಿಗೆ ಹೊಸದಾಗಿ ಸೇರಿದ್ದೀರಿ. ಮಕ್ಕಳು ತಮ್ಮ ಕಲಿಕೆಯ ಬಗ್ಗೆ ತಾವೇ ದಿನಚರಿ ಬರೆಯಬೇಕು. ಬರೆದದ್ದೆಲ್ಲ ಒಂದೇ ಥರ ಇದೆ. ಮುಂದುವರಿಸಬೇಕಾ, ಬಿಡಬೇಕಾ?

ಬಿಡಬೇಡಿ. ಆದರೆ ಈಗ ಬರೆಸುತ್ತಿರುವ ಹಾಗೆ ಬರೆಸಬೇಡಿ.

ನಾನು ಕುಮಟಾ ಕಡೆಯವನು. ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗಕ್ಕೆ ಹತ್ತಿರದ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಮೊದಲ ವರ್ಷದ ಪುಸ್ತಕಗಳು ನಿಮ್ಮದಕ್ಕಿಂತ ಕಡೆ. 'ಇಂದು ಸರ್ ಬೆಳಕಿನ ಪಾಠ ಮಾಡಿದರು. ತುಂಬಾ ಚೆನ್ನಾಗಿ ಅರ್ಥವಾಯಿತು. ಧನ್ಯವಾದಗಳು.' 42 ಮಕ್ಕಳು, 42 ಧನ್ಯವಾದ. ಓದಿ ಖುಷಿಪಟ್ಟೆ ಬೇರೆ! ಮರುವಾರದ ಟೆಸ್ಟ್ ಆ ಖುಷಿ ಇಳಿಸಿತು.

ತಪ್ಪು ನನ್ನದೇ. 'ಇವತ್ತು ಏನು ಕಲಿತೆ?' ಅಂತ ಕೇಳಿದ್ದೆ. ಅದಕ್ಕೆ ಪಾಠದ ಹೆಸರು ಬರೆದರೆ ಮುಗೀತಲ್ವಾ? ಸಾಲದ್ದಕ್ಕೆ ಕೆಂಪು ಪೆನ್ನು ಹಿಡಿದು ಕಾಗುಣಿತ ತಿದ್ದಿದೆ. ಅರ್ಧ ಪುಟ ಬರೆಯುತ್ತಿದ್ದವರು ಎರಡು ಸಾಲಿಗೆ ಬಂದರು. ಸಾಲು ಕಡಿಮೆ ಆದರೆ ತಪ್ಪೂ ಕಡಿಮೆ, ಅಷ್ಟು ಲೆಕ್ಕ ಮಕ್ಕಳಿಗೆ ಬರುತ್ತೆ.

ಆಮೇಲೆ ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ, ಅನುಭವವನ್ನು ತಿರುಗಿ ನೋಡುವ ಆರು ಹೆಜ್ಜೆಯ ಚಕ್ರ ಹಿಡಿದೆ. ಏನಾಯಿತು, ಏನನ್ನಿಸಿತು, ಯಾವುದು ಸರಿ ಹೋಯಿತು ಯಾವುದು ಇಲ್ಲ, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದೇನು. ಬಿ.ಎಡ್. ಮಾಡುವವರಿಗೆ ಒಳ್ಳೆಯದೇ. ನಮ್ಮ ಒಂಬತ್ತನೇ ಕ್ಲಾಸಿನವರು ಮಾತ್ರ ಅದನ್ನು ಆರು ಅಂಕದ ಪ್ರಶ್ನೆ ಅಂದುಕೊಂಡರು. ಒಬ್ಬ ಬರೆದದ್ದನ್ನು ಹಿಂದಿನ ಬೆಂಚು ಪೂರ್ತಿ ನಕಲು ಮಾಡಿತು, 'ಏನನ್ನಿಸಿತು' ಅನ್ನೋದನ್ನೂ ಸೇರಿಸಿ.

ಈಗ ಶುಕ್ರವಾರ ಕೊನೆಯ ಪಿರಿಯಡ್‌ನಲ್ಲಿ 10 ನಿಮಿಷ, ಒಂದೇ ಮಾತು: 'ಈ ವಾರ ಎಲ್ಲಿ ಸಿಕ್ಕಿಕೊಂಡೆ? ಮೊದಲು ಏನು ಅಂದುಕೊಂಡಿದ್ದೆ, ಈಗ ಏನು ಅನ್ನಿಸುತ್ತೆ?' ಅಂಕ ಇಲ್ಲ, ಕಾಗುಣಿತ ನೋಡಲ್ಲ. ಕೊಂಕಣಿ ಮನೆಮಾತಿನವರು ಮಧ್ಯೆ ಕೊಂಕಣಿ ಹಾಕಿದರೆ ಹಾಕಲಿ.

ಒಮ್ಮೆ ಭರತ-ಇಳಿತದ ಬಗ್ಗೆ ಪಾಠ ಮಾಡಿದ್ದೆ. 'ಚಂದ್ರನ ಗುರುತ್ವದಿಂದ ಸಮುದ್ರದ ನೀರು ಉಬ್ಬುತ್ತದೆ' ಅಂತ ಟೆಸ್ಟ್‌ನಲ್ಲಿ ಎಲ್ಲರೂ ಬರೆದಿದ್ದರು, ನಾನೂ ಪೂರ್ತಿ ಅಂಕ ಕೊಟ್ಟಿದ್ದೆ. ಆ ಶುಕ್ರವಾರ ಒಬ್ಬ ಹುಡುಗಿ ಬರೆದಳು. ಅವಳ ಅಮ್ಮ ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಾರೆ. 'ಅಮ್ಮ ದಿನಾ ಒಂದೇ ಟೈಮಿಗೆ ಹೋಗಲ್ಲ. ನಿನ್ನೆಗಿಂತ ಇವತ್ತು ಮುಕ್ಕಾಲು ತಾಸು ತಡ. ಮತ್ತೆ ಭರತ ದಿನಕ್ಕೆ ಎರಡು ಸಲ ಬರ್ತದೆ. ಚಂದ್ರ ಒಬ್ಬನೇ ಅಲ್ವಾ ಸರ್? ಇನ್ನೊಂದನ್ನು ಯಾರು ಎಳೀತಾರೆ?'

ಇದನ್ನು ಪಾಠದಲ್ಲಿ ನಾನೇ ಹಾರಿಸಿಬಿಟ್ಟಿದ್ದೆ! ಸೋಮವಾರ ಅವಳ ಪ್ರಶ್ನೆಯನ್ನೇ ಬೋರ್ಡಿಗೆ ಬರೆದೆ. ಚಂದ್ರನ ಕಡೆಯ ನೀರಿಗೆ ಎಳೆತ ಜಾಸ್ತಿ, ಭೂಮಿಯ ನಡುಭಾಗಕ್ಕೆ ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರಿಗೆ ಇನ್ನೂ ಕಡಿಮೆ. ಹಾಗಾಗಿ ಆಚೆ ಬದಿಯಲ್ಲೂ ನೀರು ಉಬ್ಬುತ್ತೆ. ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರ ಸ್ವಲ್ಪ ಮುಂದೆ ಹೋಗಿರುತ್ತಾನೆ. ಮತ್ತೆ ಅವನೆದುರು ಬರೋಕೆ ಸುಮಾರು 50 ನಿಮಿಷ ಜಾಸ್ತಿ ಬೇಕು. ಅವಳಮ್ಮನ ಮುಕ್ಕಾಲು ತಾಸು ಅದೇ. ವರ್ಷವಿಡೀ ತುಟಿ ಬಿಚ್ಚದ ದೋಣಿ ಮನೆಯ ಹುಡುಗರು ಅವತ್ತು ಎದ್ದು ನಿಂತರು. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಇನ್ನೂ ಮೇಲೆ ಬರ್ತದೆ, ಗಜನಿ ಗದ್ದೆಯ (ಹೊಳೆಯಂಚಿನ ಉಪ್ಪುನೀರಿನ ಗದ್ದೆ) ಕಟ್ಟೆ ತಾಗ್ತದೆ, ಅದು ಯಾಕೆ ಸರ್ ಅಂತ. ಸೂರ್ಯನೂ ಅದೇ ಗೆರೆಯಲ್ಲಿ ನಿಂತು ಎಳೆಯುತ್ತಾನೆ ಅನ್ನುವಷ್ಟರಲ್ಲಿ ಗಂಟೆ ಹೊಡೆಯಿತು.

ಮುಂದಿನ ಶುಕ್ರವಾರ ಪುಟಗಳು ತಾವಾಗೇ ಉದ್ದ ಆದವು. ತಾವು ಬರೆದದ್ದು ಪಾಠದೊಳಗೆ ಬರುತ್ತೆ ಅಂತ ಅವರಿಗೆ ಗೊತ್ತಾಗಿತ್ತು.

42 ಪುಸ್ತಕ ಒಟ್ಟಿಗೆ ಓದೋಕೆ ಹೋಗಬೇಡಿ, ಸುಸ್ತಾಗಿ ಕೈಬಿಡುತ್ತೀರಿ. ನಾನು ವಾರಕ್ಕೆ 14 ಓದುತ್ತೇನೆ. ಕೆಳಗೆ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆಯುತ್ತೇನೆ, ಸುಮ್ನೆ 'ಗುಡ್' ಅಂತ ಬರೆಯಲ್ಲ. ತಿಂಗಳಿಗೊಮ್ಮೆ ಮಕ್ಕಳು ತಮ್ಮ ಹಳೇ ಪುಟ ತಾವೇ ಓದಿ, ಬೇರೆ ಬಣ್ಣದಲ್ಲಿ ಪಕ್ಕಕ್ಕೆ ಬರೆಯುತ್ತಾರೆ. ನನ್ನ ಕೇಳಿದರೆ ಕಲಿಕೆ ಜಾಸ್ತಿ ಆಗೋದು ಅಲ್ಲೇ.

ಇದನ್ನು ನೀವು ಓದುತ್ತೀರಿ ಅಂತ ಮೊದಲ ದಿನವೇ ಹೇಳಿಬಿಡಿ. ಹೇಳಿದರೂ ಮನೆಯ ಕಷ್ಟ ಬರೆಯುವವರು ಇರುತ್ತಾರೆ. ಜೂನ್-ಜುಲೈನಲ್ಲಿ ಟ್ರಾಲಿಂಗ್ (ಯಾಂತ್ರಿಕ ದೋಣಿಯ ಬಲೆ ಮೀನುಗಾರಿಕೆ) ಬಂದ್ ಇದ್ದಾಗ ಮನೆಯ ಜಗಳದ ಬಗ್ಗೆ ಒಬ್ಬ ಬರೆದಿದ್ದ. ಪುಸ್ತಕದಲ್ಲಿ ನಾನೇನೂ ಬರೆಯಲಿಲ್ಲ. ಊಟದ ಹೊತ್ತಿಗೆ ಅವನ ಪಕ್ಕ ಹೋಗಿ ಕೂತೆ.

ನಿಮ್ಮ ಕಡೆ ಭರತ ಇಲ್ಲ, ಅಡಿಕೆ ತೋಟ ಇದೆ. ಆಮ್ಲ-ಪ್ರತ್ಯಾಮ್ಲದ ಪಾಠದ ವಾರ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿಯಿಂದ ಶುರು ಮಾಡಿ. ಮೈಲುತುತ್ತದ (ತಾಮ್ರದ ಸಲ್ಫೇಟ್) ನೀರಿಗೆ ಮನೆಯಲ್ಲಿ ಸುಣ್ಣ ಯಾಕೆ ಸೇರಿಸುತ್ತಾರೆ, ಸೇರಿಸದಿದ್ದರೆ ಏನಾಗಬಹುದು? ಮೊದಲು ಅವರಿಗೆ ತೋಚಿದ್ದನ್ನು ಬರೆಯಲಿ. ಪಾಠ ಆಮೇಲೆ ಮಾಡಿ.