ಮಳೆಗಾಲದಲ್ಲಿ ಓವನ್ ಬಳಸಿ ಬಾಳೆಹಣ್ಣಿನ ಸುಕೇಳಿ ಮಾಡಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ತೋಟದ ಗೊನೆ ಹಣ್ಣಾಗಿದೆ, ಹೊರಗೆ ಆಷಾಢದ ಮಳೆ, ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ಮಾಡಲು ಬಿಸಿಲಿಲ್ಲ. ಓವನ್‌ನಲ್ಲಿ 100 ಡಿಗ್ರಿಗೆ ಇಟ್ಟರೆ ಹಣ್ಣು ಮೇಲೆ ಕಪ್ಪಾಗಿ ಗಟ್ಟಿಯಾಯಿತು, ಒಳಗೆ ಹಸಿಯಾಗಿಯೇ ಉಳಿಯಿತು.

ಖಂಡಿತ ಮಾಡಬಹುದು. ಶಿರಸಿ ಸೀಮೆಯ ನಮ್ಮ ಮನೆಯಲ್ಲಿ ಮಳೆಗಾಲ ಪೂರ್ತಿ ನಾನು ಓವನ್‌ನಲ್ಲಿಯೇ ಒಣಗಿಸುತ್ತೇನೆ. ಆದರೆ 100 ಡಿಗ್ರಿಯಲ್ಲಿ ಹಣ್ಣು ಒಣಗುವ ಮೊದಲೇ ಬೇಯುತ್ತದೆ. ಹೊರಮೈ ಬೇಗ ಆರಿ ತೊಗಲಿನಂತೆ ಬಿಗಿಯುತ್ತದೆ, ಒಳಗಿನ ನೀರಿಗೆ ಹೊರಬರಲು ದಾರಿ ಸಿಗುವುದಿಲ್ಲ. ಅಂಥ ಹಣ್ಣನ್ನು ಡಬ್ಬಿಗೆ ಹಾಕಬೇಡಿ, ಬೂಸ್ಟು ಹಿಡಿಯುವುದು ನಿಶ್ಚಿತ. ಇವತ್ತೇ ಪಾಯಸಕ್ಕೆ ಹಾಕಿ ಮುಗಿಸಿಬಿಡಿ.

ಬೇಕಾದದ್ದು ಸುಮಾರು 60 ಡಿಗ್ರಿ ಶಾಖ, ಅದಕ್ಕಿಂತ ಹೆಚ್ಚಾಗಿ ಹರಿದಾಡುವ ಗಾಳಿ. ‘ಈ ತೇವದ ಗಾಳಿಯಲ್ಲಿ ಏನು ಒಣಗೀತು’ ಎಂದು ಅನೇಕರು ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ: 27 ಡಿಗ್ರಿಯ, ಶೇ. 90ರಷ್ಟು ಆರ್ದ್ರತೆಯ ಗಾಳಿಯನ್ನು 60 ಡಿಗ್ರಿಗೆ ಕಾಯಿಸಿದರೆ ಅದರ ಆರ್ದ್ರತೆ ಶೇ. 16ರ ಆಸುಪಾಸಿಗೆ ಇಳಿಯುತ್ತದೆ. ಗಾಳಿಯಲ್ಲಿರುವ ನೀರು ಅಷ್ಟೇ, ಅದರ ದಾಹ ಮಾತ್ರ ಹೆಚ್ಚಾಗಿದೆ. ಆದರೆ ಹಣ್ಣಿನ ನೀರು ಕುಡಿದ ಆ ಗಾಳಿ ಹೊರಗೆ ಹೋಗಿ ಹೊಸ ಗಾಳಿ ಒಳಗೆ ಬರಬೇಕು. ಬಾಗಿಲು ಮುಚ್ಚಿದ್ದರೆ ಪೆಟ್ಟಿಗೆಯೊಳಗೆ ಹಬೆ ತುಂಬಿ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ.

ಹಾಗಾಗಿ ಸಾಮಾನ್ಯ ಒಟಿಜಿ (ಕಾಯಿಲ್‌ನಿಂದ ಕಾಯುವ ಓವನ್-ಟೋಸ್ಟರ್-ಗ್ರಿಲ್) ಇದ್ದರೆ ಬಾಗಿಲಿಗೆ ಮರದ ಸೌಟು ಸಿಕ್ಕಿಸಿ ಎರಡು ಇಂಚು ತೆರೆದಿಡಿ, ಎದುರಿಗೆ ಟೇಬಲ್ ಫ್ಯಾನ್ ಸಣ್ಣಗೆ ತಿರುಗಲಿ. ಎಷ್ಟೋ ಒಟಿಜಿಗಳ ಗುಂಡಿ 100 ಡಿಗ್ರಿಯಿಂದಲೇ ಶುರುವಾಗುತ್ತದೆ. ಬಾಗಿಲು ತೆರೆದಾಗ ಒಳಗಿನ ಶಾಖ ತಾನೇ ಇಳಿಯುತ್ತದೆ. ಎಷ್ಟು ಇಳಿಯಿತು ಎಂದು ಊಹಿಸಬೇಡಿ, ಓವನ್ ಥರ್ಮಾಮೀಟರ್ ಒಂದನ್ನು ಹಣ್ಣಿನ ಪಕ್ಕದಲ್ಲಿಯೇ ಇಡಿ. ಕೆಳಗಿನ ಕಾಯಿಲ್ ಮಾತ್ರ ಉರಿಯಲಿ, ಅದರ ಮೇಲೆ ಖಾಲಿ ತಟ್ಟೆ ಇಟ್ಟರೆ ಹಣ್ಣಿಗೆ ನೇರ ಝಳ ತಾಗುವುದಿಲ್ಲ. ಮೈಕ್ರೋವೇವ್ ಕನ್ವೆಕ್ಷನ್ ಓವನ್ ಆದರೆ ಬಾಗಿಲು ತೆರೆದ ಕ್ಷಣವೇ ಯಂತ್ರ ನಿಲ್ಲುತ್ತದೆ. ಅದರಲ್ಲಿ ಕನ್ವೆಕ್ಷನ್ ಮಾತ್ರ ಬಳಸಿ, ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ಹಬೆ ಬಿಡಿ. ಮೈಕ್ರೋವೇವ್ ಶಾಖ ಬಾಳೆಹಣ್ಣಿಗೆ ಬೇಡವೇ ಬೇಡ. ಅಲ್ಲಲ್ಲಿ ಸುಟ್ಟು, ಉಳಿದ ಕಡೆ ಹಸಿಯಾಗಿಯೇ ಇರುತ್ತದೆ.

ಹಣ್ಣು ಪೂರ್ತಿ ಮಾಗಿರಲಿ, ಕೊಳೆತಿರಬಾರದು. ಇಡೀ ಹಣ್ಣು ಒಣಗಲು ಬಹಳ ಹೊತ್ತು ಬೇಕು, ಉದ್ದಕ್ಕೆ ಎರಡಾಗಿ ಸೀಳಿ. ದಪ್ಪ ನೇಂದ್ರವಾದರೆ ನಾಲ್ಕು ಸೀಳು. ತಗಡಿನ ತಟ್ಟೆಯ ಮೇಲಿಟ್ಟರೆ ಅಡಿಭಾಗ ಬೆವರುತ್ತದೆ. ತಂತಿಯ ಜಾಲರಿಗೆ ತುಪ್ಪ ಸವರಿ ಅದರ ಮೇಲೆ ಒಂದಕ್ಕೊಂದು ತಾಗದಂತೆ ಜೋಡಿಸಿ. ಬಣ್ಣ ಕಂದಾಗುವುದಕ್ಕೆ ಹೆದರಬೇಡಿ, ಸುಕೇಳಿ ಇರುವುದೇ ಜೇನಿನ ಬಣ್ಣದಲ್ಲಿ.

ಎಷ್ಟು ಗಂಟೆ ಎಂದು ಕೇಳುತ್ತೀರಿ. ಗಡಿಯಾರಕ್ಕಿಂತ ತಕ್ಕಡಿಯನ್ನು ನಂಬಿ. ಮಾಗಿದ ಬಾಳೆಹಣ್ಣಿನಲ್ಲಿ ಮುಕ್ಕಾಲು ಪಾಲು ನೀರು. ಸಿಪ್ಪೆ ಸುಲಿದ ಒಂದು ಕಿಲೋ ಹಣ್ಣಿನ ತೂಕ ಇಳಿದು 300 ಗ್ರಾಮ್‌ಗಿಂತ ತುಸು ಹೆಚ್ಚು ಮಾತ್ರ ಉಳಿದರೆ ತೇವ ಶೇ. 20ರ ಹತ್ತಿರ ಬಂದಿದೆ ಎಂದು ಅರ್ಥ, ಅಷ್ಟು ಸಾಕು. ಅದಕ್ಕೆ ಒಂದು ಇಡೀ ಹಗಲು ಹಿಡಿಯಬಹುದು. ನಡುವೆ ತಿರುವಿ ಹಾಕಿ, ಜಾಲರಿಗಳ ಜಾಗ ಬದಲಿಸಿ. ಬಾಗಿಲು ತೆರೆದ ಓವನ್ ಹಚ್ಚಿಟ್ಟು ಮಲಗಬೇಡಿ. ಮುಗಿಯದಿದ್ದರೆ ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಮುಂದುವರಿಸಿ.

ಕರೆಂಟಿನ ವಿಷಯ ಮುಚ್ಚಿಡುವುದಿಲ್ಲ. ಒಂದು ಕಿಲೋ ಹಣ್ಣಿನ ನೀರು ಆರಿಸಲು ಬೇಕಾದ ಶಕ್ತಿ ಅರ್ಧ ಯೂನಿಟ್ ಅಷ್ಟೇ, ಆದರೆ ತೆರೆದ ಬಾಗಿಲಿನಿಂದ ಅದರ ಹಲವು ಪಟ್ಟು ಸೋರಿಹೋಗುತ್ತದೆ. ಆದ್ದರಿಂದ ಎಲ್ಲ ಜಾಲರಿ ತುಂಬಿಸಿಯೇ ಹಚ್ಚಿ. ಗೊನೆ ಒಮ್ಮೆಲೇ ಹಣ್ಣಾಗುವುದಿಲ್ಲ, ಮೇಲಿನ ಚಿಪ್ಪಿನಿಂದ ಕೆಳಕ್ಕೆ ಮಾಗುತ್ತಾ ಬರುತ್ತದೆ. ಚಿಪ್ಪಿಗೆ ಚಿಪ್ಪು ಎಂದು ಹಂಚಿಕೊಂಡರೆ ಮನೆಯ ಓವನ್ನೇ ಸಾಕಾಗುತ್ತದೆ. ಮಾರುವಷ್ಟು ಮಾಡುವ ಯೋಚನೆಯಿದ್ದರೆ ಡ್ರೈಯರ್ ಕೊಳ್ಳಿ, ಓವನ್‌ನಲ್ಲಿ ಗಿಟ್ಟದು.

ಹೊರತೆಗೆದ ಮೇಲಿನ ಕೆಲಸವನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಸಿ ಆರುವ ತನಕ ಮಾತ್ರ ಹೊರಗಿಡಿ. ಇಡೀ ರಾತ್ರಿ ಬಿಟ್ಟರೆ ಈ ಹವೆಯಲ್ಲಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಗಾಜಿನ ಭರಣಿಗೆ ಮುಕ್ಕಾಲು ಭಾಗದೊಳಗೆ ಸಡಿಲವಾಗಿ ತುಂಬಿ, ಒಂದು ವಾರ ದಿನಾಲೂ ಅಲುಗಾಡಿಸಿ. ಹೆಚ್ಚು ಒಣಗಿದ ತುಂಡು, ಕಡಿಮೆ ಒಣಗಿದ ತುಂಡು ತೇವವನ್ನು ಹಂಚಿಕೊಂಡು ಸಮನಾಗುತ್ತವೆ. ಗಾಜಿನ ಒಳಮೈಯಲ್ಲಿ ಹನಿ ಕಂಡರೆ ಕೂಡಲೇ ಮತ್ತೆ ಓವನ್‌ಗೆ ಹಾಕಿ. ಬೂಸ್ಟು ಕಂಡರೆ ಇಡೀ ಭರಣಿಯನ್ನೇ ಎಸೆಯಿರಿ, ಆರಿಸಿ ತಿನ್ನಬೇಡಿ.

ಹಲಸಿನ ತೊಳೆಗೂ ಇದೇ ಕ್ರಮ, ಸಣ್ಣ ಎಳೆಯಾಗಿ ಸೀಳಿಕೊಳ್ಳಿ. ಮಾವಿನ ರಸವನ್ನು ತೆಳುವಾಗಿ ಸುರಿದು ಮಾಂಬಳವನ್ನೂ ಮಾಡಬಹುದು.