ಶೃಂಗಾರ ಕೃತಿ ತೆರೆಗೆ ಬಂದಾಗ: ಗೋಕಾಕದ ಲೇಖಕರಿಗೆ ಉತ್ತರ

ನಮಸ್ಕಾರ.

ಹಳೆಯ ಶೃಂಗಾರ ಕೃತಿಗಳು ಸಿನಿಮಾ ಆದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಹಾಕಲು ಬರುವುದಿಲ್ಲ. ಆದರೆ ವಿಷಯಕ್ಕೆ ನೀವು ನಾಚಿಕೊಂಡಿಲ್ಲ, ಅದನ್ನು ಚಪ್ಪರಿಸಿಯೂ ಬರೆದಿಲ್ಲ. ಆ ಹದ ಎಲ್ಲರಿಗೂ ಸಿಗುವುದಿಲ್ಲ, ಅದಕ್ಕೇ ಇಷ್ಟುದ್ದದ ಉತ್ತರ.

ಎಂಟು ಸಿನಿಮಾ, ಎಂಟು ಕಥಾಸಾರ, ಪ್ರತಿಯೊಂದರ ತುದಿಗೆ ‘ಮೂಲದಷ್ಟು ದಿಟ್ಟವಾಗಿಲ್ಲ’ ಎಂಬ ಒಂದು ತೀರ್ಪು. ಎಷ್ಟು ಮೈ ಕಂಡಿತು ಎಂಬುದನ್ನೇ ನೀವು ದಿಟ್ಟತನದ ಅಳತೆ ಮಾಡಿಕೊಂಡಿದ್ದೀರಿ. ಲೇಖನ ಕೆಟ್ಟಿರುವುದು ಇಲ್ಲೇ. ಈ ಕೃತಿಗಳ ಶೃಂಗಾರ ಇರುವುದು ಹೇಳುವ ದನಿಯಲ್ಲಿ. ಜಾನ್ ಕ್ಲೆಲ್ಯಾಂಡನ ‘ಫ್ಯಾನಿ ಹಿಲ್’ (1748–49) ಎರಡು ಉದ್ದನೆಯ ಪತ್ರಗಳ ಕಾದಂಬರಿ. ಅದರಲ್ಲಿ ಹೊಲಸು ಶಬ್ದಗಳಿಲ್ಲ, ಎಲ್ಲವನ್ನೂ ರೂಪಕದಲ್ಲೇ ಹೇಳಿದ್ದಾನೆ. ಕ್ಯಾಮೆರಾಕ್ಕೆ ರೂಪಕ ಕಾಣುವುದಿಲ್ಲ, ಮೈ ಕಾಣುತ್ತದೆ. ನಡೆದದ್ದನ್ನು ನಡೆದಂತೆ ತೋರಿಸಿದರೆ ಕಥೆ ಉಳಿದೀತು, ಆ ಮಾತಿನ ಸೊಗಸು ಉಳಿಯದು. ಹಾಗಾದರೆ ದನಿಯ ಜಾಗದಲ್ಲಿ ನಿರ್ದೇಶಕರು ಏನಿಟ್ಟರು? ನೀವು ಕೇಳಬೇಕಾದ ಪ್ರಶ್ನೆ ಇದು.

‘ಉತ್ಸವ್’ (1984) ಬಗ್ಗೆ ಬರೆಯುತ್ತ ರೇಖಾ ತೊಟ್ಟ ಒಡವೆಗಳಿಗೇ ಒಂದು ಪುಟ ಕೊಟ್ಟಿದ್ದೀರಿ. ಗಿರೀಶ ಕಾರ್ನಾಡರು ಶೂದ್ರಕನ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ದ ಜೊತೆಗೆ ಭಾಸನ ‘ಚಾರುದತ್ತ’ವನ್ನೂ ಬಳಸಿಕೊಂಡರು. ಮೂಲದಲ್ಲಿ ಇಲ್ಲದ, ‘ಕಾಮಸೂತ್ರ’ ಬರೆದ ವಾತ್ಸ್ಯಾಯನನನ್ನು ಕರೆತಂದು ಕಥೆಯೊಳಗೆ ಕೂರಿಸಿದರು, ಆ ಪಾತ್ರ ಮಾಡಿದವರು ಅಮ್ಜದ್ ಖಾನ್. ದನಿಯ ಪ್ರಶ್ನೆಗೆ ಅದೇ ಒಂದು ಉತ್ತರ, ನೀವು ಅವನ ಹೆಸರನ್ನೂ ಎತ್ತಿಲ್ಲ. ನಾಟಕದ ಐದನೆಯ ಅಂಕವನ್ನೂ ಓದಿ. ಮಳೆಯಲ್ಲಿ ಗಣಿಕೆ ವಸಂತಸೇನೆ ತನ್ನ ಪ್ರಿಯಕರ ಚಾರುದತ್ತನ ಮನೆಗೆ ಹೊರಟಿದ್ದಾಳೆ, ಮೋಡ ಮಿಂಚುಗಳ ಮೇಲೆ ಪದ್ಯದ ಮೇಲೆ ಪದ್ಯ. ಆ ರಂಗದ ಮೇಲೆ ಮಳೆ ಸುರಿಯುತ್ತಿದ್ದದ್ದು ಮಾತು ಮತ್ತು ಅಭಿನಯದಲ್ಲಿ. ಸಿನಿಮಾದಲ್ಲಿ ನೀರೇ ಸುರಿಯುವಾಗ ಅಷ್ಟೂ ಪದ್ಯಕ್ಕೆ ಕೆಲಸವಿಲ್ಲ. ಅವಳ ಆತುರ ಆಗ ಯಾವುದರಲ್ಲಿ ಕಾಣಬೇಕು: ನಡಿಗೆಯಲ್ಲೋ, ಸಂಗೀತದಲ್ಲೋ, ಶಾಟಿನ ಉದ್ದದಲ್ಲೋ? ಇಷ್ಟರ ಮೇಲೆಯೇ ಒಂದು ಲೇಖನ ನಿಲ್ಲುತ್ತದೆ.

ಮಾಡುವ ಬಗೆ ಹೇಳುತ್ತೇವೆ. ಒಂದು ಪುಟ, ಒಂದು ದೃಶ್ಯ ಆರಿಸಿಕೊಳ್ಳಿ. ಲಾಕ್ಲೊ ಬರೆದ ‘ಡೇಂಜರಸ್ ಲಿಯೇಸನ್ಸ್’ (1782) 175 ಪತ್ರಗಳ ಕಾದಂಬರಿ. 47ನೆಯ ಪತ್ರದಲ್ಲಿ ಅದರ ಕಥಾನಾಯಕ ವಾಲ್ಮೋಂ ತನ್ನ ಗುಟ್ಟು ಬಿಡುತ್ತಾನೆ: ಮುಂದಿನ ಪತ್ರ ಬರೆದದ್ದು ವೇಶ್ಯೆಯೊಬ್ಬಳ ಹಾಸಿಗೆಯಲ್ಲಿ. 48ನೆಯದು ಸಾಧ್ವಿಯೊಬ್ಬಳಿಗೆ ಬರೆದ ಪ್ರೇಮಪತ್ರ. ಗುಟ್ಟು ಮೊದಲೇ ಗೊತ್ತಿರುವುದರಿಂದ ಅದರ ಪ್ರತಿ ಸಾಲಿಗೂ ಓದುಗನಿಗೆ ಎರಡೆರಡು ಅರ್ಥ. ಸ್ಟೀಫನ್ ಫ್ರಿಯರ್ಸ್‌ನ 1988ರ ಚಿತ್ರದಲ್ಲಿ ಅವನು ಆ ವೇಶ್ಯೆಯ ಬೆನ್ನನ್ನೇ ಮೇಜು ಮಾಡಿಕೊಂಡು ಬರೆಯುತ್ತಾನೆ. ಪುಸ್ತಕದಲ್ಲಿ ಒಂದರ ಹಿಂದೊಂದು ಬಂದದ್ದು ಇಲ್ಲಿ ಒಟ್ಟಿಗೇ ಕಣ್ಣಿಗೂ ಕಿವಿಗೂ ಬೀಳುತ್ತದೆ. ದೃಶ್ಯವನ್ನು ಮೊದಲು ಶಬ್ದ ಬಂದ್ ಮಾಡಿ ನೋಡಿ, ಶಾಟುಗಳನ್ನು ಎಣಿಸಿ, ಯಾರ ಮುಖ ಎಷ್ಟು ಸೆಕೆಂಡು ಇದೆ ಬರೆದುಕೊಳ್ಳಿ. ಎರಡನೆಯ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಮೂರನೆಯ ಸಲ ಪುಸ್ತಕ ತೊಡೆಯ ಮೇಲಿರಲಿ. ಹೀಗೆ ಮಾಡಿದರೆ ‘ದಿಟ್ಟ’ ಎಂಬ ಶಬ್ದ ನಿಮಗೇ ಬೇಡವಾಗುತ್ತದೆ.

ಇನ್ನು ತಪ್ಪುಗಳು. ‘ಲೇಡಿ ಚಾಟರ್ಲಿ’ (2006) ಚಿತ್ರದಲ್ಲಿ ಪಾಸ್ಕಲ್ ಫೆರಾಂ ಕಾವಲುಗಾರ ಮೆಲ್ಲರ್ಸ್‌ನ ಹೆಸರನ್ನು ಪಾರ್ಕಿನ್ ಎಂದು ಬದಲಿಸಿ ಮೂಲಕ್ಕೆ ದ್ರೋಹ ಮಾಡಿದರು ಎಂದಿದ್ದೀರಿ. ಮೂಲವಾದ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯನ್ನು ಡಿ. ಎಚ್. ಲಾರೆನ್ಸ್ ಮೂರು ಸಲ ಬರೆದ. ಫೆರಾಂ ಆರಿಸಿಕೊಂಡದ್ದು ಎರಡನೆಯದನ್ನು, ಅದರಲ್ಲಿ ಅವನ ಹೆಸರು ಪಾರ್ಕಿನ್ನೇ. ಯಾವ ಆವೃತ್ತಿ ಎಂದು ನೋಡದೆ ದ್ರೋಹ ಎನ್ನಬಾರದು. ಮೀರಾ ನಾಯರ್ ಅವರ ‘ಕಾಮಸೂತ್ರ’ (1996) ವಾತ್ಸ್ಯಾಯನನ ಗ್ರಂಥದ ರೂಪಾಂತರವಲ್ಲ. ಅದರ ಕಥೆಯ ಎಳೆ ಬಂದದ್ದು ವಾಜಿದಾ ತಬಸ್ಸುಮ್ ಅವರ ‘ಉತರನ್’ ಎಂಬ ಉರ್ದು ಸಣ್ಣಕಥೆಯಿಂದ. ಲಾರೆನ್ಸನ ಆ ಪುಸ್ತಕ ಮಾರಿದ ಅಂಗಡಿಯವರಿಗೆ ಶಿಕ್ಷೆ ಎತ್ತಿಹಿಡಿದ 1964ರ ಸುಪ್ರೀಂ ಕೋರ್ಟ್ ತೀರ್ಪನ್ನು ಇಂದಿನ ಅಳತೆಗೋಲು ಎಂಬಂತೆ ಬರೆದಿದ್ದೀರಿ. ಸುಲಭವಾಗಿ ಕೆಡುವ ಮನಸ್ಸನ್ನು ಕೃತಿ ಕೆಡಿಸುತ್ತದೆಯೇ ಎಂದು ಅಶ್ಲೀಲತೆಯನ್ನು ಅಳೆಯುವ ಆ ಹಿಕ್ಲಿನ್ ಪರೀಕ್ಷೆಯನ್ನು ಅದೇ ಕೋರ್ಟು 2014ರಲ್ಲಿ ಕೈಬಿಟ್ಟಿದೆ. ಅಶ್ಲೀಲ ಪುಸ್ತಕಗಳ ಮಾರಾಟದ ಬಗ್ಗೆ ಇದ್ದ ಭಾರತೀಯ ದಂಡ ಸಂಹಿತೆಯ 292ನೆಯ ಕಲಮಿನ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 294 ಬಂದಿದೆ.

ಆರಂಭದಲ್ಲಿ ಬರುವ ಬಾದಾಮಿಯ ಮೂರನೆಯ ಗುಹೆಯ ಮಿಥುನಗಳು ಆಮೇಲೆ ಮಾಯವಾಗುತ್ತವೆ. ಅವನ್ನು ಉಳಿಸುವುದಾದರೆ ದುಡಿಸಿಕೊಳ್ಳಿ. ಆ ಜೋಡಿಗಳು ಕಂಬದ ಮೇಲಿನ ಚಾಚುಗಳಲ್ಲಿವೆ, ನೋಡುವವರು ಕತ್ತೆತ್ತಬೇಕು. ಎಷ್ಟು ದೂರದಿಂದ, ಯಾವ ಕೋನದಿಂದ ನೋಡಬೇಕು ಎಂಬುದನ್ನು 578ರ ಹೊತ್ತಿಗೇ ಶಿಲ್ಪಿ ಗೊತ್ತುಮಾಡಿದ್ದಾನೆ. ಛಾಯಾಗ್ರಾಹಕನ ಕೆಲಸವೂ ಅದೇ.

ಕನ್ನಡದ ಕೃತಿ ಒಂದೂ ಇಲ್ಲದ್ದು ನಮಗೆ ನೋವಾಯಿತು. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ರಾಣಿ ಅಮೃತಮತಿ ಮಾವುತನಿಗೆ ಸೋಲುವುದು ಅವನ ಹಾಡು ಕೇಳಿ, ಮುಖ ನೋಡುವ ಮೊದಲೇ. ಬರೀ ದನಿಯಿಂದ ಹುಟ್ಟಿದ ಆಸೆಯನ್ನು ತೆರೆಗೆ ತರುವುದು ಹೇಗೆ ಎಂದು ಒಂದು ಪ್ಯಾರಾ ಯೋಚಿಸಿ.

ಎರಡೇ ಸಿನಿಮಾ ಇಟ್ಟುಕೊಳ್ಳಿ, 1,200 ಪದ ದಾಟಬೇಡಿ, ಕಥಾಸಾರ ತಲಾ ಐದು ಸಾಲು. ಯುನಿಕೋಡಿನಲ್ಲೇ ಕಳಿಸಿ, ಈ ಸಲ ನಿಮ್ಮ ಅರ್ಧಕ್ಕರ್ಧ ಒತ್ತಕ್ಷರಗಳು ಚೌಕುಳಿಗಳಾಗಿ ಬಂದಿದ್ದವು.

ಸಂಪಾದಕರು, ಬೆಳಗಾವಿ